ಡಬಲ್ ಬಾಸ್ ವ್ಯಾಪಾರ: ಚೀಟಿಯ ಹೆಸರಿಗಿಂತ ದುರಸ್ತಿಯ ದಾಖಲೆ ಮುಖ್ಯ

ಸರಕಿನ ಗುಣಾವಗುಣಗಳನ್ನು ಗ್ರಾಹಕನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ನಿರ್ಧರಿಸಬಹುದಾದ ವ್ಯಾಪಾರಗಳಿವೆ. ಮಾರುವವನ ಮಾತನ್ನು ನಂಬಿ ಹಣ ತೆರಲೇಬೇಕಾದ ವ್ಯಾಪಾರಗಳೂ ಇವೆ. ಡಬಲ್ ಬಾಸ್ ಎಂಬ ವಾದ್ಯದ ತಯಾರಿಕೆ, ಜೀರ್ಣೋದ್ಧಾರ ಮತ್ತು ಮಾರಾಟದ ಕ್ಷೇತ್ರವು ಈ ಎರಡನೆಯ ವರ್ಗಕ್ಕೆ ಸೇರುತ್ತದೆ. ಕಮಾನಿನಿಂದ ನುಡಿಸುವ ಪಾಶ್ಚಾತ್ಯ ವಾದ್ಯಗಳಲ್ಲಿ ಅತಿ ದೊಡ್ಡದಾದ ಇದು ಸುಮಾರು ಆರು ಅಡಿ ಎತ್ತರವಿದ್ದು, ಪಿಟೀಲಿನ ಹಿರಿಯ ಬಂಧುವಿನಂತೆ ತೋರುತ್ತದೆ. ವಾದ್ಯಮೇಳದಲ್ಲಿ ಮಂದ್ರ ಸ್ವರಗಳ ತಳಪಾಯ ಹಾಕುವುದು ಇದೇ. ಜಾಝ್ ಸಂಗೀತದಲ್ಲಿ ಬೆರಳಿನಿಂದ ಮೀಟಿ ನಡೆಯನ್ನು ಹಿಡಿದಿಡುವುದೂ ಇದೇ.

ಈ ವಾದ್ಯದ ಮಾರುಕಟ್ಟೆ ಚಿಕ್ಕದು. ಆದರೆ ಅದು ಎತ್ತುವ ಪ್ರಶ್ನೆ ಚಿಕ್ಕದಲ್ಲ. ಒಂದು ವಸ್ತುವಿನ ಬೆಲೆಯನ್ನು ನಿರ್ಧರಿಸಬೇಕಾದುದು ಅದರೊಳಗೆ ಅಂಟಿಸಿದ ಹೆಸರಿನ ಚೀಟಿಯೋ, ಅಥವಾ ಅದರ ಮೇಲೆ ನಡೆದ ಕೆಲಸದ ಪ್ರಾಮಾಣಿಕ ದಾಖಲೆಯೋ? ಮೂರು ಶತಮಾನಗಳ ಅನುಭವವು ಎರಡನೆಯದರ ಪರವಾಗಿ ಸಾಕ್ಷ್ಯ ನುಡಿಯುತ್ತದೆ. ಆದರೂ ಇಂದಿನ ಮಾರಾಟದ ರೂಢಿ ಬಹುಮಟ್ಟಿಗೆ ಮೊದಲನೆಯದನ್ನೇ ನೆಚ್ಚಿಕೊಂಡಿದೆ. ಈ ರೂಢಿ ಬದಲಾಗಬೇಕು. ಮಾರಾಟವಾಗುವ ಪ್ರತಿಯೊಂದು ವಾದ್ಯದೊಂದಿಗೂ ಅದರ ಮರ, ಮೂಲ ಮತ್ತು ದುರಸ್ತಿಗಳ ಲಿಖಿತ ವಿವರವನ್ನು ಕೊಡುವುದು ವರ್ತಕನ ಕರ್ತವ್ಯವೆನಿಸಬೇಕು.

ಸರಕಿನ ಮೂರು ದರ್ಜೆಗಳು

ಡಬಲ್ ಬಾಸ್‌ಗಳಲ್ಲಿ ಮುಖ್ಯವಾಗಿ ಮೂರು ದರ್ಜೆಗಳಿವೆ. ಮೊದಲನೆಯದು ಪ್ಲೈವುಡ್ ವಾದ್ಯ. ತೆಳುವಾದ ಮರದ ಪದರಗಳನ್ನು ಅಂಟಿಸಿ, ಅಚ್ಚಿನಲ್ಲಿ ಒತ್ತಿ ಇದರ ಮುಂಬದಿ ಮತ್ತು ಹಿಂಬದಿಯ ಹಲಗೆಗಳನ್ನು ಉಬ್ಬಿಸಲಾಗುತ್ತದೆ. ಎರಡನೆಯದು ಮಿಶ್ರ ವಾದ್ಯ. ಇದರ ಮುಂಬದಿ ಮಾತ್ರ ಕೆತ್ತಿದ ಸ್ಪ್ರೂಸ್ ಮರದ್ದು. ಉಳಿದ ಭಾಗ ಪ್ಲೈವುಡ್. ಮೂರನೆಯದು ಪೂರ್ಣ ಕೆತ್ತನೆಯ ವಾದ್ಯ. ದಪ್ಪನೆಯ ಸ್ಪ್ರೂಸ್ ಹಲಗೆಯನ್ನು ಉಳಿ, ಕೀಸುಳಿಗಳಿಂದ ಕೆತ್ತಿ ಮುಂಬದಿಯನ್ನೂ, ಮೇಪಲ್ ಮರದಿಂದ ಹಿಂಬದಿ ಮತ್ತು ಪಕ್ಕದ ಪಟ್ಟಿಗಳನ್ನೂ ರೂಪಿಸಿ ಇದನ್ನು ಸಿದ್ಧಪಡಿಸಲಾಗುತ್ತದೆ. ಒಬ್ಬನೇ ಕುಶಲಕರ್ಮಿ ಇಂಥ ಒಂದು ವಾದ್ಯವನ್ನು ಮುಗಿಸಲು ತಿಂಗಳುಗಳೇ ಹಿಡಿಯುತ್ತವೆ. ಬೆಲೆಯ ಅಂತರವೂ ಅದಕ್ಕೆ ತಕ್ಕಂತೆಯೇ ಇದೆ. ಸಾಮಾನ್ಯ ಪ್ಲೈವುಡ್ ವಾದ್ಯ ಒಂದೆರಡು ಸಾವಿರ ಡಾಲರ್‌ಗಳಿಗೆ ದೊರೆತರೆ, ಹೆಸರಾಂತ ತಯಾರಕನ ಹೊಸ ಕೆತ್ತನೆಯ ವಾದ್ಯವು ಅದರ ಹತ್ತಾರು ಪಟ್ಟು ಬೆಲೆ ಬಾಳುತ್ತದೆ.

ಪ್ಲೈವುಡ್ ಎಂದೊಡನೆ ಕೀಳು ಸರಕು ಎಂದು ಭಾವಿಸಬೇಕಾಗಿಲ್ಲ. ಅಮೆರಿಕದ ಷಿಕಾಗೋ ನಗರದ ಕೇ ಸಂಸ್ಥೆಯು 1937ರಿಂದ 1960ರ ದಶಕದ ಕೊನೆಯವರೆಗೆ ಇಂಥ ವಾದ್ಯಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಶಾಲೆಗಳ ಸಂಗೀತ ಕೊಠಡಿಗಳು, ನೃತ್ಯಮಂದಿರಗಳು, ಜಾಝ್ ತಂಡಗಳು ಅವುಗಳನ್ನೇ ಅವಲಂಬಿಸಿದ್ದವು. ಬಿದ್ದರೂ ಸುಲಭವಾಗಿ ಒಡೆಯದ, ಚಳಿಗಾಲದ ಒಣಹವೆಗೂ ಸೀಳದ ಆ ವಾದ್ಯಗಳಲ್ಲಿ ಅನೇಕವು ಇಂದಿಗೂ ಬಳಕೆಯಲ್ಲಿವೆ. ಒಳ್ಳೆಯ ಸ್ಥಿತಿಯಲ್ಲಿರುವವುಗಳಿಗೆ ಬೇಡಿಕೆಯೂ ಇದೆ. ಆ ಸಂಸ್ಥೆ ಪ್ಲೈವುಡ್ಡನ್ನು ಪ್ಲೈವುಡ್ಡೆಂದೇ ಮಾರಿತು ಎಂಬುದು ಗಮನಾರ್ಹ. ಪ್ಲೈವುಡ್ಡಿನ ಹೊರಪದರದ ಮೇಲೆ ಸೊಗಸಾದ ಮೇಪಲ್ ಮರದ ನೆಯ್ಗೆ ಕಾಣುವಂತೆ ಮಾಡಿ, ಅದು ಕೆತ್ತನೆಯ ವಾದ್ಯವೆಂದು ಗ್ರಾಹಕನು ತಪ್ಪು ತಿಳಿದಾಗ ವರ್ತಕನು ಮೌನ ವಹಿಸುವಲ್ಲಿ ದೋಷ ಆರಂಭವಾಗುತ್ತದೆ.

ಚೀಟಿಯ ಚರಿತ್ರೆ

ಚೀಟಿಯನ್ನು ಎಷ್ಟು ನಂಬಬಹುದು ಎಂಬುದಕ್ಕೆ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮಾರ್ಕ್‌ನೊಯ್‌ಕಿರ್ಷೆನ್ ಪಟ್ಟಣದ ಇತಿಹಾಸ ಉತ್ತಮ ನಿದರ್ಶನ. ಬೊಹೆಮಿಯಾದಿಂದ ಧರ್ಮದ ಕಾರಣಕ್ಕೆ ವಲಸೆ ಬಂದ ಪಿಟೀಲು ತಯಾರಕರು 1677ರಲ್ಲಿ ಅಲ್ಲಿ ತಮ್ಮ ವೃತ್ತಿಸಂಘವನ್ನು ಕಟ್ಟಿದರು. ಮುಂದಿನ ಎರಡು ಶತಮಾನಗಳಲ್ಲಿ ಆ ಪಟ್ಟಣ ಮತ್ತು ಸುತ್ತಲಿನ ಹಳ್ಳಿಗಳು ಜಗತ್ತಿನ ವಾದ್ಯೋದ್ಯಮದ ಪ್ರಮುಖ ಕೇಂದ್ರವಾಗಿ ಬೆಳೆದವು. ಅಲ್ಲಿನ ಕೆಲಸದ ಕ್ರಮ ಇಂದಿನ ಉದ್ಯಮಿಗಳಿಗೂ ಪರಿಚಿತವೇ. ಒಂದು ಮನೆಯಲ್ಲಿ ಹಲಗೆ ಕೆತ್ತಿದರೆ, ಇನ್ನೊಂದರಲ್ಲಿ ಕತ್ತಿನ ಭಾಗ. ಮತ್ತೊಬ್ಬನು ಜೋಡಿಸಿದರೆ, ಮಗದೊಬ್ಬನು ವಾರ್ನಿಷ್ ಹಚ್ಚುತ್ತಿದ್ದನು. ಹೀಗೆ ಸಿದ್ಧವಾದ ಸರಕನ್ನು ಸಗಟು ವರ್ತಕರು ಕೊಂಡು ದೇಶದೇಶಗಳಿಗೆ ರವಾನಿಸುತ್ತಿದ್ದರು. ಅಮೆರಿಕದೊಂದಿಗಿನ ವಹಿವಾಟು ಎಷ್ಟು ಹೆಚ್ಚಿತೆಂದರೆ, ಈ ಸಣ್ಣ ಪಟ್ಟಣದಲ್ಲಿ 1893ರಿಂದ 1916ರವರೆಗೆ ಅಮೆರಿಕದ ವಾಣಿಜ್ಯ ದೂತಕಚೇರಿಯೇ ಇದ್ದಿತು.

ಈ ವ್ಯವಸ್ಥೆಯಲ್ಲಿ ಲಾಭದ ಸಿಂಹಪಾಲು ವರ್ತಕರದಾಯಿತು. ಕುಶಲಕರ್ಮಿಯ ಹೆಸರು ಮಾತ್ರ ಅಳಿಸಿಹೋಯಿತು. ವಾದ್ಯದೊಳಗೆ ಯಾವ ಚೀಟಿ ಅಂಟಿಸಬೇಕೆಂಬುದನ್ನು ನಿರ್ಧರಿಸುತ್ತಿದ್ದವನು ಕೊಳ್ಳುವ ವರ್ತಕ. ಕೆಲವಕ್ಕೆ ಅಂಗಡಿಯ ಹೆಸರು, ಕೆಲವಕ್ಕೆ ಇಟಲಿಯ ಪ್ರಾಚೀನ ಶಿಲ್ಪಿಗಳ ಹೆಸರು, ಕೆಲವಕ್ಕೆ ಚೀಟಿಯೇ ಇಲ್ಲ. ಸ್ಟ್ರಾಡಿವೇರಿಯಸ್ ಎಂಬ ಚೀಟಿ ಹೊತ್ತ ಅಗ್ಗದ ಪಿಟೀಲುಗಳು ಜಗತ್ತಿನ ಅಟ್ಟಗಳಲ್ಲೆಲ್ಲ ಸಿಗುವುದಕ್ಕೆ ಇಂಥ ವ್ಯಾಪಾರವೇ ಕಾರಣ. ಆಮದು ಸರಕುಗಳ ಮೇಲೆ ಮೂಲದೇಶದ ಹೆಸರು ಇರಬೇಕೆಂದು ಅಮೆರಿಕದ 1890ರ ಸುಂಕ ಕಾಯಿದೆ ವಿಧಿಸಿದ ಮೇಲೆ ಚೀಟಿಗಳಲ್ಲಿ ದೇಶದ ಹೆಸರು ಕಾಣಿಸತೊಡಗಿತು. ಹಳೆಯ ವಾದ್ಯಗಳ ಕಾಲ ನಿರ್ಣಯಿಸುವವರಿಗೆ ಇಂದು ಆ ಒಂದು ಪದವೇ ದೊಡ್ಡ ಆಧಾರ. ಕಾನೂನಿನ ಒತ್ತಾಯದಿಂದ ಬಂದ ಒಂದು ಪದವು, ವರ್ತಕರು ತಾವಾಗಿ ಬರೆದ ಅನೇಕ ಪದಗಳಿಗಿಂತ ಹೆಚ್ಚು ವಿಶ್ವಾಸಾರ್ಹವೆನಿಸಿದೆ. ಈ ಮಾತು ವರ್ತಕ ಸಮುದಾಯಕ್ಕೆ ಶೋಭೆ ತರುವುದಿಲ್ಲ.

ಡಬಲ್ ಬಾಸ್‌ಗಳ ಲೋಕದಲ್ಲೇ ಇದಕ್ಕಿಂತ ಪ್ರಸಿದ್ಧವಾದ ಉದಾಹರಣೆಯೊಂದಿದೆ. ಖ್ಯಾತ ಸಂಗೀತ ನಿರ್ದೇಶಕ ಸರ್ಗೆ ಕುಸೆವಿಟ್ಸ್ಕಿಯವರ ಬಳಿಯಿದ್ದ ವಾದ್ಯವೊಂದನ್ನು 1960ರ ದಶಕದ ಆರಂಭದಲ್ಲಿ ಅವರ ಪತ್ನಿ ಓಲ್ಗಾ ಅವರು ಯುವ ವಾದಕ ಗ್ಯಾರಿ ಕಾರ್ ಅವರಿಗೆ ನೀಡಿದರು. ಅದು ಇಟಲಿಯ ಅಮಾಟಿ ಸಹೋದರರು 1611ರಲ್ಲಿ ತಯಾರಿಸಿದ ವಾದ್ಯವೆಂಬ ನಂಬಿಕೆ ದೀರ್ಘಕಾಲ ಪ್ರಚಲಿತವಾಗಿತ್ತು. 2000ದ ದಶಕದಲ್ಲಿ ಅದರ ಹಲಗೆಯಲ್ಲಿರುವ ಮರದ ವಾರ್ಷಿಕ ಉಂಗುರಗಳನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ, ಆ ಮರವು 18ನೇ ಶತಮಾನದಲ್ಲೂ ಬೆಳೆಯುತ್ತಿತ್ತೆಂದು ಸಿದ್ಧವಾಯಿತು. ಅಂದರೆ 1611ರ ಕಥೆ ನಿಲ್ಲಲಿಲ್ಲ. ವಾದ್ಯದ ನಾದ ಮಾತ್ರ ಹಿಂದಿನಂತೆಯೇ ಉಳಿಯಿತು. ಅತ್ಯುನ್ನತ ಮಟ್ಟದ ತಜ್ಞರ ನಡುವೆ ಇದ್ದ ವಾದ್ಯದ ಕುಲನಾಮವೇ ಹೀಗೆ ಅಲುಗಾಡುವುದಾದರೆ, ಸಾಮಾನ್ಯ ಅಂಗಡಿಯ ಹಳೆಯ ವಾದ್ಯದ ಚೀಟಿಯನ್ನು ನೆಚ್ಚಿ ಬೆಲೆ ಕಟ್ಟುವುದು ಎಷ್ಟರಮಟ್ಟಿಗೆ ವಿವೇಕ?

ಬಿಚ್ಚಿ ಜೋಡಿಸುವಂತೆ ಕಟ್ಟಿದ ವಸ್ತು

ಹೆಸರು ನಂಬಲರ್ಹವಲ್ಲವಾದರೆ ನಂಬಬೇಕಾದುದು ಏನನ್ನು? ಇದಕ್ಕೆ ಉತ್ತರ ವಾದ್ಯದ ರಚನೆಯಲ್ಲೇ ಇದೆ. ಪಿಟೀಲು ವರ್ಗದ ವಾದ್ಯಗಳನ್ನು ಪ್ರಾಣಿಗಳ ತೊಗಲಿನಿಂದ ಕಾಯಿಸಿ ತೆಗೆದ ಅಂಟಿನಿಂದ ಜೋಡಿಸುವುದು ಪರಂಪರೆ. ಈ ಅಂಟು ಬಿಗಿಯಾಗಿ ಹಿಡಿಯುತ್ತದೆ. ಆದರೆ ಬಿಸಿ ಮತ್ತು ತೇವಕ್ಕೆ ಬಿಡುತ್ತದೆ. ತೆಳುವಾದ ಅಲಗನ್ನು ಅಂಚಿನಲ್ಲಿ ತೂರಿಸಿ ಮುಂಬದಿಯ ಹಲಗೆಯನ್ನು ಮುಚ್ಚಳದಂತೆ ತೆಗೆದು, ಒಳಗಿನ ಕೆಲಸ ಮುಗಿಸಿ ಮತ್ತೆ ಮುಚ್ಚಬಹುದು. ಮುಂದೊಂದು ದಿನ ದುರಸ್ತಿ ಬೇಕಾಗುವುದೆಂದು ತಿಳಿದೇ ಹಿಂದಿನವರು ಈ ವಾದ್ಯವನ್ನು ರೂಪಿಸಿದರು.

ದುರಸ್ತಿ ಬೇಕಾಗುವುದಂತೂ ನಿಶ್ಚಿತ. ನಾಲ್ಕು ತಂತಿಗಳ ಒಟ್ಟು ಎಳೆತ ನೂರು ಕಿಲೋಗ್ರಾಂಗೂ ಮಿಗಿಲು. ಆ ಎಳೆತದ ಒಂದು ಪಾಲನ್ನು ಕುದುರೆಯ ಮೂಲಕ ಹೊರುವ ಮುಂಬದಿಯ ಹಲಗೆಯ ದಪ್ಪ ಮಿಲಿಮೀಟರ್‌ಗಳಲ್ಲಿ ಅಳೆಯುವಷ್ಟು ಮಾತ್ರ. ಅದಕ್ಕೆ ಆಸರೆ ಎಂದರೆ ಒಳಗೆ ಉದ್ದಕ್ಕೆ ಅಂಟಿಸಿದ ಒಂದು ತೊಲೆ ಮತ್ತು ಎರಡು ಹಲಗೆಗಳ ನಡುವೆ ನಿಲ್ಲಿಸಿದ ಒಂದು ಪುಟ್ಟ ಕಂಬ. ಹವೆ ಒಣಗಿದಾಗ ಮರ ಕುಗ್ಗುತ್ತದೆ, ತೇವವಾದಾಗ ಹಿಗ್ಗುತ್ತದೆ. ಚಪ್ಪಟೆ ಬೆನ್ನಿನ ವಾದ್ಯಗಳಲ್ಲಿ ಹಿಂಬದಿಯ ಹಲಗೆಗೆ ಅಡ್ಡಲಾಗಿ ಪಟ್ಟಿಗಳನ್ನು ಅಂಟಿಸಿರುವುದರಿಂದ, ಹಲಗೆ ಕುಗ್ಗಲು ಹೊರಟಾಗ ಪಟ್ಟಿಗಳು ತಡೆಯುತ್ತವೆ. ಫಲವಾಗಿ ಹಲಗೆ ಸೀಳುತ್ತದೆ. ಇನ್ನು ವಾಹನಗಳಲ್ಲಿ ಸಾಗಿಸುವಾಗ, ಮೆಟ್ಟಿಲು ಹತ್ತಿಸುವಾಗ ಕತ್ತು ಮುರಿಯುವುದು, ಅಂಚು ಕಿತ್ತುಬರುವುದು ಸಾಮಾನ್ಯ. ನೂರು ವರ್ಷ ದಾಟಿದ ಡಬಲ್ ಬಾಸ್‌ನಲ್ಲಿ ದುರಸ್ತಿಯ ಗುರುತೇ ಇಲ್ಲವೆಂದರೆ ಅದು ಅಪರೂಪದ ಮಾತು.

ಆದುದರಿಂದ ಸೀಳು ಇರುವುದು ದೋಷವೆನಿಸದು. ಅದನ್ನು ಹೇಗೆ ಸರಿಪಡಿಸಲಾಗಿದೆ ಎಂಬುದೇ ಮುಖ್ಯ. ಬಲ್ಲ ಕುಶಲಕರ್ಮಿಯು ಸೀಳನ್ನು ಶುಚಿಗೊಳಿಸಿ, ತೊಗಲಿನ ಅಂಟಿನಿಂದ ಕೂಡಿಸಿ, ಒಳಗಿನಿಂದ ಸಣ್ಣ ಮರದ ಬಿಲ್ಲೆಗಳ ಆಸರೆ ಕೊಡುತ್ತಾನೆ. ಅವಸರದವನು ಬಿಡಿಸಲಾಗದ ರಾಸಾಯನಿಕ ಅಂಟು ಸುರಿದು, ಮೇಲೆ ಬಣ್ಣ ಬಳಿದು ಮುಗಿಸುತ್ತಾನೆ. ಹೊರನೋಟಕ್ಕೆ ಎರಡೂ ಒಂದೇ. ಆದರೆ ಎರಡನೆಯ ವಾದ್ಯದಲ್ಲಿ ಸೀಳು ಮರುಕಳಿಸಿದಾಗ ಮುಂದಿನ ಕುಶಲಕರ್ಮಿಯು ಮೊದಲು ಹಳೆಯ ಅಂಟನ್ನು ಕೆರೆದು ತೆಗೆಯಬೇಕು. ಆ ಯತ್ನದಲ್ಲಿ ಮೂಲ ಮರವೂ ಸವೆಯುತ್ತದೆ, ವೆಚ್ಚ ದ್ವಿಗುಣವಾಗುತ್ತದೆ. ಆ ಹಣ ತೆರುವವನು ಏನೂ ಅರಿಯದ ಗ್ರಾಹಕ.

ಲೆಕ್ಕ ಹೇಳುವ ಸತ್ಯ

ಪ್ರಾಮಾಣಿಕತೆಯಿಂದ ನಷ್ಟವಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕದೆ ಲೆಕ್ಕದ ಮೂಲಕವೇ ಪರಿಶೀಲಿಸುವುದು ಯುಕ್ತ. ಒಂದು ಹಳೆಯ, ಸೀಳುಗಳಿರುವ ಕೆತ್ತನೆಯ ವಾದ್ಯವನ್ನು ಇಬ್ಬರು ವರ್ತಕರು ತಲಾ 4,000 ಡಾಲರಿಗೆ ಕೊಂಡರೆಂದು ಊಹಿಸಬಹುದು. ಮೊದಲನೆಯವನು ವಾದ್ಯವನ್ನು ಬಿಚ್ಚಿ 100 ಗಂಟೆ ಕೆಲಸ ಮಾಡಿಸುತ್ತಾನೆ. ಗಂಟೆಗೆ 80 ಡಾಲರಿನಂತೆ 8,000, ಹೊಸ ಬೆರಳುಹಲಗೆ, ಕುದುರೆ, ತಂತಿಗಳಿಗೆ 700. ಒಟ್ಟು ಹೂಡಿಕೆ 12,700 ಡಾಲರ್. ಮಾರಾಟ ಬೆಲೆ 15,000, ಉಳಿಯುವುದು 2,300. ಎರಡನೆಯವನು 20 ಗಂಟೆಗಳ ಮೇಲುಮೇಲಿನ ಕೆಲಸಕ್ಕೆ 1,600 ಡಾಲರ್ ವ್ಯಯಿಸಿ, 5,600ಕ್ಕೆ ಬಿದ್ದ ವಾದ್ಯವನ್ನು 12,000ಕ್ಕೆ ಮಾರುತ್ತಾನೆ, ಉಳಿಯುವುದು 6,400. ಆ ದಿನದ ಲೆಕ್ಕದಲ್ಲಿ ಗೆದ್ದವನು ಎರಡನೆಯವನೇ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ವ್ಯಾಪಾರ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಐದಾರು ವರ್ಷಗಳ ನಂತರ ಇಬ್ಬರು ಗ್ರಾಹಕರೂ ಇನ್ನೂ ಉತ್ತಮ ವಾದ್ಯವನ್ನು ಅರಸಿ, ಹಳೆಯದನ್ನು ಹಿಂತಿರುಗಿಸಲು ಬರುತ್ತಾರೆ. ಮೊದಲ ವರ್ತಕನು ತನ್ನ ದಾಖಲೆಯನ್ನು ತೆರೆದು ನೋಡಿ, ಧೈರ್ಯವಾಗಿ ಒಳ್ಳೆಯ ಬೆಲೆಗೆ ಮರಳಿ ಪಡೆದು, ಅಲ್ಪ ಕೆಲಸದೊಡನೆ ಮತ್ತೆ ಮಾರಬಲ್ಲನು. ಹೊಸ ವಾದ್ಯದ ಮಾರಾಟವೂ ಅವನದೇ. ಎರಡನೆಯವನಿಗೆ ಉಳಿಯುವ ದಾರಿ ಎರಡೇ: ತಾನು ಮಾಡಿಸಿದ್ದು ಕೆಟ್ಟ ಕೆಲಸವೆಂದು ತಿಳಿದೂ ದುಬಾರಿ ಬೆಲೆ ಕೊಡುವುದು, ಇಲ್ಲವೇ ತಾನೇ ಮಾರಿದ ಸರಕನ್ನು ತಾನೇ ಹಳಿದು ನಿರಾಕರಿಸುವುದು. ಡಬಲ್ ಬಾಸ್ ವಾದಕರ ಬಳಗ ಸಣ್ಣದು. ಒಂದು ವಾದ್ಯಮೇಳದಲ್ಲಿ ಅವರು ಬೆರಳೆಣಿಕೆಯಷ್ಟಿದ್ದು, ಒಬ್ಬರನ್ನೊಬ್ಬರು ಬಲ್ಲವರು; ಶಿಷ್ಯರನ್ನು ಅಂಗಡಿಗೆ ಕಳುಹಿಸುವವರೂ ಅವರೇ. ಅಂಥ ಕಡೆ ಒಂದು ನಿರಾಕರಣೆಯ ಸುದ್ದಿ ಬೇಗ ಹಬ್ಬುತ್ತದೆ.

ಇದರಿಂದ ಯಾವುದೇ ವರ್ತಕನನ್ನು ಅಳೆಯಲು ಒಂದು ಸರಳ ಮಾನದಂಡ ದೊರೆಯುತ್ತದೆ. ತಾನು ಇಂದು ಮಾರಿದ ವಾದ್ಯವನ್ನು ನಾಳೆ ನ್ಯಾಯವಾದ ಬೆಲೆಗೆ ಮರಳಿ ಕೊಳ್ಳಲು ಅವನು ಸಿದ್ಧನೇ? ಸಿದ್ಧನಾದವನ ಬಳಿ ಮರೆಮಾಚಲು ಏನೂ ಇರುವುದಿಲ್ಲ.

ಹೊಸ ಕಾಲದ ಹಳೆಯ ಪ್ರಶ್ನೆ

ಮಾರ್ಕ್‌ನೊಯ್‌ಕಿರ್ಷೆನ್ ಮಾದರಿಯ ಪ್ರಶ್ನೆ ಇಂದು ಬೇರೊಂದು ರೂಪದಲ್ಲಿ ಮರಳಿದೆ. ಚೀನಾದ ಕಾರ್ಖಾನೆಗಳಲ್ಲಿಯೂ, ರೊಮೇನಿಯಾದ ರೇಗಿನ್‌ನಂತಹ ವಾದ್ಯ ಪಟ್ಟಣಗಳಲ್ಲಿಯೂ ವಾರ್ನಿಷ್ ಹಚ್ಚದ ಬಿಳಿ ಮರದ ವಾದ್ಯಗಳು ಸಿದ್ಧವಾಗುತ್ತವೆ. ಅಮೆರಿಕ ಮತ್ತು ಯುರೋಪಿನ ಅಂಗಡಿಗಳು ಅವನ್ನು ತರಿಸಿಕೊಂಡು, ಹಲಗೆಗಳ ದಪ್ಪವನ್ನು ತಿದ್ದಿ, ವಾರ್ನಿಷ್ ಹಚ್ಚಿ, ಬೆರಳುಹಲಗೆಯನ್ನು ಹದಗೊಳಿಸಿ, ಕುದುರೆ ಕೂರಿಸಿ, ತಮ್ಮ ಹೆಸರಿನಲ್ಲಿ ಮಾರುವುದುಂಟು. ಇದು ತಪ್ಪಲ್ಲ. ವಾದ್ಯದ ನುಡಿಯುವ ಗುಣದಲ್ಲಿ ಈ ಅಂತಿಮ ಹದಗಾರಿಕೆಯ ಪಾಲು ಬಹಳ ದೊಡ್ಡದು. ಅದಕ್ಕೆ ತಕ್ಕ ಪ್ರತಿಫಲ ಪಡೆಯುವ ಹಕ್ಕು ಅಂಗಡಿಗಿದೆ. ಸಾಧಾರಣ ಆದಾಯದ ವಿದ್ಯಾರ್ಥಿಗೆ ಕೆತ್ತನೆಯ ವಾದ್ಯ ಕೈಗೆಟುಕುವಂತಾದುದು ಈ ಪದ್ಧತಿಯಿಂದಲೇ.

ಆಕ್ಷೇಪಾರ್ಹವಾದುದು ಮೌನ ಮಾತ್ರ. ಒಡಲು ಎಲ್ಲಿ ತಯಾರಾಯಿತು, ತನ್ನ ಅಂಗಡಿಯಲ್ಲಿ ಯಾವ ಕೆಲಸ ನಡೆಯಿತು ಎಂದು ಎರಡು ಸಾಲು ಬರೆದುಕೊಡುವುದರಿಂದ ವರ್ತಕನಿಗೆ ನಷ್ಟವಿಲ್ಲ. ಹಾಗೆ ಬರೆಯದಿದ್ದರೆ, ಮರದಿಂದ ಮೊದಲ್ಗೊಂಡು ಎಲ್ಲವನ್ನೂ ಸ್ವತಃ ಮಾಡುವ ಕುಶಲಕರ್ಮಿಯ ವಾದ್ಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗ್ರಾಹಕನಿಗೆ ತಿಳಿಯದು. ಆಗ ಬೆಲೆಯ ಪೈಪೋಟಿಯಲ್ಲಿ ಸೋಲುವವನು ಆ ಕುಶಲಕರ್ಮಿಯೇ. ಇಂಥವರ ಸಂಖ್ಯೆ ಮೊದಲೇ ಹೆಚ್ಚಿಲ್ಲ. ಜರ್ಮನಿಯ ಮಿಟ್ಟನ್‌ವಾಲ್ಡ್‌ನಲ್ಲಿ 1858ರಲ್ಲಿ ಆರಂಭವಾದ ಶಾಲೆಯಂಥ ಸಂಸ್ಥೆಗಳು ತರಬೇತಿ ಕೊಡುತ್ತವೆಯಾದರೂ, ಅವುಗಳ ಪಾಠದ ಕೇಂದ್ರ ಪಿಟೀಲು. ಡಬಲ್ ಬಾಸ್‌ಗೆ ದೊಡ್ಡ ಮೇಜು, ದೊಡ್ಡ ಹಿಡಿಕೆಗಳು, ಹೆಚ್ಚು ಮರ, ಹೆಚ್ಚು ಸ್ಥಳ, ಎಲ್ಲಕ್ಕಿಂತ ಹೆಚ್ಚು ಗಂಟೆಗಳು ಬೇಕು. ಒಂದು ಸಲ ಈ ಕೈಗಳು ಕೆಲಸ ಬಿಟ್ಟರೆ, ಮಾರಿದ ಅಗ್ಗದ ವಾದ್ಯಗಳನ್ನು ದುರಸ್ತಿ ಮಾಡುವವರೂ ಉಳಿಯುವುದಿಲ್ಲ ಎಂಬುದನ್ನು ವರ್ತಕರು ಮರೆಯಲಾಗದು.

ಮರದ ಮೂಲಕ್ಕೂ ಲೆಕ್ಕ

ದಾಖಲೆಯ ಅಗತ್ಯವನ್ನು ಅಂತಾರಾಷ್ಟ್ರೀಯ ನಿಯಮಗಳೂ ಎತ್ತಿಹಿಡಿದಿವೆ. ವಿನಾಶದಂಚಿನ ಜೀವಸಂಕುಲಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ, ಕಮಾನು ತಯಾರಿಕೆಗೆ ಶ್ರೇಷ್ಠವೆನಿಸಿದ ಬ್ರೆಜಿಲ್‌ನ ಪೆರ್ನಾಂಬುಕೋ ಮರ 2007ರಲ್ಲಿ ಎರಡನೆಯ ಅನುಬಂಧಕ್ಕೆ ಸೇರಿತು. 2022ರ ಪನಾಮ ಸಮ್ಮೇಳನದಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು. ಕರ್ನಾಟಕದ ವರ್ತಕರಿಗೆ ನೇರ ಸಂಬಂಧವಿರುವುದು ಬೀಟೆ ಮರದ ವಿಚಾರ. ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಬೀಟೆಯನ್ನು ಗಿಟಾರ್‌ಗಳಿಗೆ ಹೇರಳವಾಗಿ ಬಳಸುತ್ತಾರೆ. ಡಬಲ್ ಬಾಸ್‌ಗಳ ಬೆರಳುಹಲಗೆಗೂ ಎಬೊನಿ ಎಂಬ ಕರಿಮರದ ಬದಲಾಗಿ ಬೀಟೆ ಜಾತಿಯ ಮರ ಬಳಕೆಯಾಗುವುದುಂಟು. 2017ರ ಜನವರಿಯಲ್ಲಿ ಈ ಕುಲದ ಎಲ್ಲ ಮರಗಳಿಗೂ ನಿಯಂತ್ರಣ ಜಾರಿಗೆ ಬಂದಾಗ, ವಾದ್ಯಗಳನ್ನು ಗಡಿ ದಾಟಿಸಲು ಕಾಗದಪತ್ರಗಳಿಲ್ಲದೆ ವರ್ತಕರು ಬಹಳ ಪರದಾಡಬೇಕಾಯಿತು. 2019ರಲ್ಲಿ ಸಿದ್ಧ ವಾದ್ಯಗಳಿಗೂ ಅವುಗಳ ಸಿದ್ಧ ಬಿಡಿಭಾಗಗಳಿಗೂ ವಿನಾಯಿತಿ ದೊರೆಯಿತು. ಈ ಪ್ರಸಂಗದ ಪಾಠ ಸ್ಪಷ್ಟ: ಯಾವ ಮರ, ಎಲ್ಲಿಯದು, ಎಂದು ಕೊಂಡದ್ದು ಎಂಬ ಲೆಕ್ಕವನ್ನು ಇಟ್ಟವರು ನಿಯಮ ಬದಲಾದಾಗಲೂ ನಿಶ್ಚಿಂತರು, ಇಡದವರ ಸರಕು ಗೋದಾಮಿನಲ್ಲೇ ಉಳಿಯುತ್ತದೆ.

ಆಗಬೇಕಾದುದೇನು?

ಲಿಖಿತ ವಿವರ ಕೊಟ್ಟರೆ ಗ್ರಾಹಕನು ಹೆದರಿ ಹಿಂದೆ ಸರಿಯುತ್ತಾನೆ ಎಂದು ಕೆಲವರು ವಾದಿಸುತ್ತಾರೆ. ವಾದಕನು ನಾದ ಕೇಳಿ ಕೊಳ್ಳುತ್ತಾನೆ, ಕಾಗದ ನೋಡಿ ಅಲ್ಲ ಎಂಬುದು ಇನ್ನೊಂದು ವಾದ. ಮೊದಲನೆಯದರಲ್ಲಿ ಸ್ವಲ್ಪ ಹುರುಳಿದೆ. ಸೀಳುಗಳ ಪಟ್ಟಿ ಕಂಡು ಅನನುಭವಿ ಗಾಬರಿಯಾಗಬಹುದು. ಅವನಿಗೆ ವಿವರಿಸಿ ಹೇಳುವುದು ವರ್ತಕನ ಕೆಲಸ. ಎರಡನೆಯ ವಾದವು ಅನುಭವಿ ವಾದಕನಿಗೆ ಸಲ್ಲಬಹುದು. ಆದರೆ ಮಗನಿಗೋ ಮಗಳಿಗೋ ಮೊದಲ ವಾದ್ಯ ಕೊಡಿಸಲು ಉಳಿತಾಯದ ಹಣ ತಂದ ತಂದೆತಾಯಿಗೆ ನಾದದ ಸೂಕ್ಷ್ಮ ತಿಳಿದಿರುವುದಿಲ್ಲ. ಅವರಿಗೆ ರಕ್ಷಣೆ ಎಂದರೆ ಅಂಗಡಿಯ ಬರಹವೊಂದೇ.

ಬರಹದಲ್ಲಿ ನಾಲ್ಕು ಅಂಶಗಳಿದ್ದರೆ ಸಾಕು. ಒಂದು, ವಾದ್ಯ ಪ್ಲೈವುಡ್ಡೋ, ಮಿಶ್ರವೋ, ಪೂರ್ಣ ಕೆತ್ತನೆಯದೋ. ಎರಡು, ಒಡಲು ತಯಾರಾದ ಸ್ಥಳ ಮತ್ತು ಅಂತಿಮ ಕೆಲಸ ನಡೆದ ಸ್ಥಳ; ಹಳೆಯ ವಾದ್ಯವಾದರೆ, ಮೂಲದ ಬಗ್ಗೆ ಖಚಿತವಾದುದು ಎಷ್ಟು, ಅಭಿಪ್ರಾಯ ಮಾತ್ರವಾದುದು ಎಷ್ಟು. ಮೂರು, ಕಂಡುಬಂದ ಹಾನಿ, ಮಾಡಿದ ದುರಸ್ತಿ, ಬಳಸಿದ ಅಂಟು, ಸಾಧ್ಯವಾದರೆ ವಾದ್ಯ ಬಿಚ್ಚಿದ್ದಾಗಿನ ಛಾಯಾಚಿತ್ರಗಳು. ನಾಲ್ಕು, ಮರಳಿ ಕೊಳ್ಳುವ ಷರತ್ತು. ಇವೆಲ್ಲ ಒಂದು ಪುಟದಲ್ಲಿ ಅಡಕವಾಗುತ್ತವೆ. ವೃತ್ತಿಸಂಘಗಳು ಇದಕ್ಕೊಂದು ಮಾದರಿ ನಮೂನೆಯನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ, ಸರ್ಕಾರದ ಕಾನೂನಿಗಾಗಿ ಕಾಯುವ ಪ್ರಮೇಯವೇ ಬಾರದು.

ಮೂಲವನ್ನೂ ಮಾಡಿದ ಕೆಲಸವನ್ನೂ ಬರೆದುಕೊಡುವ ಈ ಶಿಸ್ತು ಡಬಲ್ ಬಾಸ್ ವರ್ತಕರಿಗೆ ಮಾತ್ರ ಸೀಮಿತವಲ್ಲ. ದೀರ್ಘಕಾಲ ಬಾಳುವ, ದುರಸ್ತಿಯಾಗುತ್ತ ಕೈಯಿಂದ ಕೈಗೆ ಸಾಗುವ ಯಾವುದೇ ಸರಕಿನ ವ್ಯಾಪಾರಕ್ಕೂ ಅದು ಅನ್ವಯಿಸುತ್ತದೆ. ಒಂದು ಒಳ್ಳೆಯ ಡಬಲ್ ಬಾಸ್ ಅದನ್ನು ಮಾಡಿದವನಿಗಿಂತಲೂ, ಮಾರಿದವನಿಗಿಂತಲೂ, ನುಡಿಸಿದವನಿಗಿಂತಲೂ ಹೆಚ್ಚು ಕಾಲ ಬಾಳುತ್ತದೆ. ಮುಂದೆಂದೋ ಅದನ್ನು ಬಿಚ್ಚುವ ಕುಶಲಕರ್ಮಿಗೆ ಒಳಗಿನ ಕೆಲಸವೂ ಜೊತೆಗಿರುವ ಕಾಗದವೂ ಒಂದೇ ಮಾತನ್ನು ಹೇಳಬೇಕು. ವರ್ತಕನ ಕೀರ್ತಿ ಉಳಿಯುವುದು ಆ ಹೊಂದಾಣಿಕೆಯಲ್ಲಿ.